ಕೊಡುವ ಕೈಗೂ ಒಂದು ಅಳತೆ



ಮೇ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ದ್ವಿತೀಯ ಪಿಯುಸಿಯ ಅಂಕಪಟ್ಟಿ ಕೈ ಸೇರಿರುತ್ತದೆ. ಸಿಇಟಿಯಲ್ಲಿ ಎಷ್ಟನೆಯ ಸ್ಥಾನ ಎಂಬುದು ತಿಳಿದಿರುತ್ತದೆ, ಇಲ್ಲವೇ ಇಂದೋ ನಾಳೆಯೋ ತಿಳಿಯಲಿರುತ್ತದೆ. ಯಾವ ಕೋರ್ಸು, ಯಾವ ಕಾಲೇಜು ಎಂಬ ಎರಡು ಪ್ರಶ್ನೆಗಳನ್ನು ನಾವು ನೆಂಟರೊಡನೆ, ನೆರೆಯವರೊಡನೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸಿಕ್ಕವರೊಡನೆಲ್ಲ ಚರ್ಚಿಸುತ್ತೇವೆ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ಊರು ಬಿಟ್ಟು ಓದಲು ಹೋಗುವ ಮಗನಿಗೆ ಅಥವಾ ಮಗಳಿಗೆ ನಾವು ಎಷ್ಟು ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು? ಈ ಪ್ರಶ್ನೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಗಂಡ ಹೆಂಡಿರು ರಾತ್ರಿ ದೀಪ ಆರಿಸಿದ ಮೇಲೆ ಪಿಸುಮಾತಿನಲ್ಲಿ ಲೆಕ್ಕ ಹಾಕುತ್ತಾರೆ. ಮಕ್ಕಳು ಆ ಪಿಸುಮಾತನ್ನು ಅರ್ಧ ಕೇಳಿ, ಉಳಿದರ್ಧವನ್ನು ತಾವೇ ಊಹಿಸಿಕೊಳ್ಳುತ್ತಾರೆ.

ಈ ಮೌನದಿಂದ ಎಷ್ಟೋ ಮನೆಗಳು ಕಷ್ಟಕ್ಕೆ ಸಿಲುಕಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದುದರಿಂದ ಈ ತಿಂಗಳು ನಿಮ್ಮೊಡನೆ ಈ ವಿಷಯವನ್ನೇ ಸ್ವಲ್ಪ ಬಿಚ್ಚಿ ಮಾತನಾಡೋಣವೆನಿಸಿತು.

ನಾನು ಅಂಚೆ ಇಲಾಖೆಯಲ್ಲಿ ಬದುಕಿನ ಬಹುಭಾಗವನ್ನು ಕಳೆದವನು. ಕರಾವಳಿಯ ಹಾಗೂ ಮಲೆನಾಡಿನ ಹಲವು ಕಚೇರಿಗಳಲ್ಲಿ ಮನಿಯಾರ್ಡರಿನ ಕಿಟಕಿಯ ಹಿಂದೆ ಕುಳಿತಿದ್ದೇನೆ. ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಹಣ ಹೆಚ್ಚಾಗಿ ಹೊರಗಿನಿಂದ ಊರಿಗೆ ಬರುತ್ತಿತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹದಿನೆಂಟು ಇಪ್ಪತ್ತರ ಹುಡುಗರು ತಮ್ಮ ಸಂಬಳದಲ್ಲಿ ಉಳಿಸಿ ಅಪ್ಪ ಅಮ್ಮನಿಗೆ ಕಳುಹಿಸುತ್ತಿದ್ದರು. ಬರುಬರುತ್ತ ಹಣದ ಹರಿವು ದಿಕ್ಕು ಬದಲಿಸಿತು. ಅದೇ ವಯಸ್ಸಿನ ಮಕ್ಕಳಿಗೆ ಅಪ್ಪ ಅಮ್ಮ ಮಂಗಳೂರಿಗೆ, ಮೈಸೂರಿಗೆ, ಬೆಂಗಳೂರಿಗೆ ಹಣ ಕಳುಹಿಸಲಾರಂಭಿಸಿದರು. ಒಂದೇ ತಲೆಮಾರಿನ ಅವಧಿಯಲ್ಲಿ ಹದಿನೆಂಟರ ಹರೆಯವೆಂಬುದು ಗಳಿಸುವ ವಯಸ್ಸಾಗಿದ್ದುದು ಪಡೆಯುವ ವಯಸ್ಸಾಗಿ ಮಾರ್ಪಟ್ಟಿತು. ಇದು ಸಣ್ಣ ಬದಲಾವಣೆಯಲ್ಲ. ಮಕ್ಕಳು ಓದುವಂತಾದುದು ಸಂತೋಷದ ಸಂಗತಿಯೇ. ಆದರೆ ಗಳಿಸುವ ವಯಸ್ಸಿಗೆ ಇದ್ದ ನಿಯಮಗಳು ಎಲ್ಲರಿಗೂ ಗೊತ್ತಿದ್ದವು. ಪಡೆಯುವ ವಯಸ್ಸಿನ ನಿಯಮಗಳನ್ನು ನಾವು ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.

ಮನಿಯಾರ್ಡರಿನ ಅರ್ಜಿಯ ಕೆಳತುದಿಯಲ್ಲಿ ಒಂದು ಪುಟ್ಟ ಚೀಟಿಯಷ್ಟು ಜಾಗವಿರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ ಕೊಟ್ಟು ಕಳುಹಿಸುವ ಹಣದ ಜೊತೆಗೆ ಎರಡು ಮೂರು ಸಾಲು ಬರೆಯಲು ಅಲ್ಲಿ ಅವಕಾಶವಿತ್ತು. ಅಕ್ಷರ ಬಾರದವರಿಗೆ ನಾನೇ ಬರೆದುಕೊಟ್ಟದ್ದುಂಟು. ಪರೀಕ್ಷೆ ಶುಲ್ಕಕ್ಕೆ ಇಷ್ಟು, ಮೆಸ್ಸಿಗೆ ಇಷ್ಟು, ಈ ಸಲ ಮೆಣಸಿಗೆ ದರವಿಲ್ಲ, ಅಜ್ಜಿ ನಿನ್ನನ್ನು ಕೇಳಿದರು – ಇಂಥ ಮಾತುಗಳು. ಹಣವು ಎಲ್ಲಿಂದ ಬಂತು, ಯಾವುದಕ್ಕೆ ಬಂತು ಎಂಬುದು ಆ ಎರಡು ಸಾಲಿನಲ್ಲಿ ಮಗುವಿಗೆ ತಿಳಿಯುತ್ತಿತ್ತು. 2016ರಲ್ಲಿ ಯುಪಿಐ ಬಂದ ನಂತರ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹಣ ಹೋಗುತ್ತದೆ, ಖರ್ಚೂ ಇಲ್ಲ. ಇದು ದೊಡ್ಡ ಅನುಕೂಲ. ಆದರೆ ಹಣ ಮಾತ್ರ ಹೋಗಿ, ಮಾತು ಹೋಗದಿದ್ದರೆ ಆ ಹಣಕ್ಕೆ ಬೇರು ಇರುವುದಿಲ್ಲ. ಅದು ನಲ್ಲಿಯಲ್ಲಿ ಬರುವ ನೀರಿನಂತೆ ಎಂದು ಮಗುವಿಗೆ ಅನಿಸುವುದು ಸಹಜ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಯಾವುದಕ್ಕೆ ಕೊಡಬೇಕು? ಕಾಲೇಜಿನ ಶುಲ್ಕ ಕಟ್ಟಿಬಿಟ್ಟರೆ ಮುಗಿಯಿತೆಂದು ತಿಳಿದವರಿಗೆ ಮೊದಲ ವರ್ಷದಲ್ಲೇ ಸತ್ಯ ಗೊತ್ತಾಗುತ್ತದೆ. ಹಾಸ್ಟೆಲು ಅಥವಾ ಪಿಜಿಯ ಬಾಡಿಗೆ, ಮುಂಗಡ ಹಣ, ಊಟ, ಬಸ್ಸು, ಪುಸ್ತಕ, ಲ್ಯಾಪ್‌ಟಾಪ್, ಮೊಬೈಲಿನ ರೀಚಾರ್ಜ್, ಪ್ರಯೋಗಾಲಯದ ಕೋಟು, ಪ್ರಾಜೆಕ್ಟಿನ ಖರ್ಚು, ಜ್ವರ ಬಂದರೆ ಔಷಧಿ, ಹಬ್ಬಕ್ಕೆ ಊರಿಗೆ ಬಂದು ಹೋಗುವ ದಾರಿಖರ್ಚು – ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆ ಬಸ್ಸಿನ ದಾರಿಖರ್ಚು ಉಳಿದಿದೆಯಾದರೂ, ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯ ಊರುಗಳಲ್ಲಿ ಆ ಉಳಿತಾಯ ಅಷ್ಟಾಗಿ ಕಾಣುವುದಿಲ್ಲ.

ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಓದಲು ಹೊರಟಾಗ ನನ್ನ ಹೆಂಡತಿ ಒಂದು ನೋಟುಪುಸ್ತಕದಲ್ಲಿ ಮೂರು ಪುಟಗಳನ್ನು ಗುರುತು ಮಾಡಿದಳು. ಮೊದಲ ಪುಟದಲ್ಲಿ ಓದಿನ ಖರ್ಚು: ಶುಲ್ಕ, ಪರೀಕ್ಷೆ, ಪುಸ್ತಕ, ಸಮವಸ್ತ್ರ. ಎರಡನೆಯದರಲ್ಲಿ ಬದುಕಿನ ಖರ್ಚು: ಊಟ, ವಸತಿ, ಪ್ರಯಾಣ, ಔಷಧಿ. ಮೂರನೆಯದರಲ್ಲಿ ಇಷ್ಟದ ಖರ್ಚು: ಹೊಸ ಬಟ್ಟೆ, ಹೋಟೆಲಿನ ತಿಂಡಿ, ಸಿನಿಮಾ, ಗೆಳತಿಯರ ಹುಟ್ಟುಹಬ್ಬ, ಪ್ರವಾಸ. ಮೊದಲ ಎರಡು ಪುಟಗಳು ಪೂರ್ತಿ ನಮ್ಮವು, ಅದರಲ್ಲಿ ಚೌಕಾಸಿಯಿಲ್ಲ ಎಂದು ಅವಳಿಗೆ ಹೇಳಿದೆವು. ಮೂರನೆಯ ಪುಟಕ್ಕೆ ತಿಂಗಳಿಗೊಂದು ಗೊತ್ತಾದ ಮೊತ್ತ. ಅದನ್ನು ಹೇಗೆ ಖರ್ಚು ಮಾಡಿದಳೆಂದು ನಾವು ಕೇಳುವುದಿಲ್ಲ, ಸಾಲದಾದರೆ ಅವಳೂ ಕೇಳುವಂತಿಲ್ಲ. ಮೂರು ವರ್ಷಗಳ ನಂತರ ಮಗ ಇಂಜಿನಿಯರಿಂಗ್ ಸೇರಿದಾಗ ಅವನಿಗೂ ಇದೇ ನಿಯಮ. ಬೇಗನೆ ಖಾಲಿ ಮಾಡಿಕೊಂಡ ತಿಂಗಳಲ್ಲಿ ಅವನು ಗೆಳೆಯರ ಪ್ರವಾಸಕ್ಕೆ ಹೋಗಲಿಲ್ಲ. ಆ ತಿಂಗಳ ದೂರವಾಣಿಯ ಮಾತು ಸ್ವಲ್ಪ ಬಿಗುವಾಗಿಯೇ ಇತ್ತು. ಮುಂದಿನ ತಿಂಗಳು ಅವನೇ ಲೆಕ್ಕ ಬರೆಯಲಾರಂಭಿಸಿದ.

ಈ ಮೂರು ಪುಟಗಳ ಪದ್ಧತಿಯಲ್ಲಿ ಒಂದು ಗುಣವಿದೆ. ಹೊಟ್ಟೆಯ ಹಣವೂ ಮನಸ್ಸಿನ ಹಣವೂ ಬೇರೆಯಾಗುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಮಕ್ಕಳು ಬಹುಪಾಲು ಊಟದಲ್ಲಿಯೇ ಕಡಿತ ಮಾಡುತ್ತಾರೆ. ಚೆನ್ನಾದ ಅಂಗಿಯನ್ನು ಗೆಳೆಯರು ನೋಡುತ್ತಾರೆ; ತಿನ್ನದೇ ಬಿಟ್ಟ ಬೆಳಗಿನ ತಿಂಡಿಯನ್ನು ಯಾರೂ ನೋಡುವುದಿಲ್ಲ. ಹಾಸ್ಟೆಲಿನಲ್ಲಿ ಇರುವ ಮಕ್ಕಳ ತಾಯಂದಿರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಇನ್ನು ಎಷ್ಟು ಕೊಡಬೇಕೆಂಬುದು. ಇಲ್ಲಿ ನೆರೆಮನೆಯ ಮಗುವಿಗೆ ಎಷ್ಟು ಹೋಗುತ್ತದೆಂಬುದು ಅಳತೆಗೋಲಾಗಬಾರದು. ನಮ್ಮ ಮನೆಯ ಆದಾಯವೇ ಅಳತೆಗೋಲು. ಆದರೆ ಆ ಆದಾಯ ಎಷ್ಟೆಂದು ಎಷ್ಟು ಮನೆಗಳ ಮಕ್ಕಳಿಗೆ ಗೊತ್ತಿದೆ? ನನ್ನ ಪರಿಚಯದ ಇಬ್ಬರು ಮಕ್ಕಳ ವಿಷಯ ಹೇಳುತ್ತೇನೆ. ಒಬ್ಬ ಹುಡುಗಿ, ಮನೆಯಲ್ಲಿ ತುಂಬ ಕಷ್ಟವೆಂದು ತಾನೇ ಭಾವಿಸಿಕೊಂಡು, ಪಿಜಿಯಲ್ಲಿ ರಾತ್ರಿಯೂಟ ಬಿಟ್ಟು ಒಂದು ವರ್ಷ ಕಳೆದಳು. ರಕ್ತಹೀನತೆಯಿಂದ ಪರೀಕ್ಷೆಯ ಹೊತ್ತಿಗೆ ಆಸ್ಪತ್ರೆ ಸೇರಿದಾಗ ಅವಳ ತಂದೆ ಅತ್ತುಬಿಟ್ಟರು. ಊಟಕ್ಕೆ ಕೊಡಲಾರದಷ್ಟು ಬಡತನ ಆ ಮನೆಯಲ್ಲಿ ಇರಲಿಲ್ಲ. ಇನ್ನೊಬ್ಬ ಹುಡುಗ, ತಾಯಿಯ ಕರಿಮಣಿಯ ಹೊರತು ಮನೆಯ ಚಿನ್ನವೆಲ್ಲ ತನ್ನ ಶುಲ್ಕಕ್ಕಾಗಿ ಬ್ಯಾಂಕಿನಲ್ಲಿ ಅಡವಿದೆ ಎಂಬುದನ್ನು ತಿಳಿಯದೆ, ಬೈಕು ಬೇಕೆಂದು ಹಟ ಹಿಡಿದ. ಆ ತಾಯಿ ಬೈಕನ್ನೂ ಕಂತಿನಲ್ಲಿ ಕೊಡಿಸಿದರು. ಚಿನ್ನ ಹರಾಜಿಗೆ ಬಂದ ದಿನ ನಿಜ ತಿಳಿದ ಆ ಹುಡುಗ ತಾಯಿಯನ್ನು ಕೇಳಿದ ಪ್ರಶ್ನೆ ಒಂದೇ: “ನನಗೆ ಯಾಕಮ್ಮ ಹೇಳಲಿಲ್ಲ?”

ಇಬ್ಬರೂ ಒಳ್ಳೆಯ ಮಕ್ಕಳೇ. ಒಬ್ಬಳಿಗೆ ಮನೆಯ ಬಲ ತಿಳಿದಿರಲಿಲ್ಲ, ಇನ್ನೊಬ್ಬನಿಗೆ ಮನೆಯ ದೌರ್ಬಲ್ಯ ತಿಳಿದಿರಲಿಲ್ಲ. ಪಿಯುಸಿ ಮುಗಿಸಿದ ಮಗುವಿಗೆ ಲೆಕ್ಕಶಾಸ್ತ್ರ, ರಸಾಯನಶಾಸ್ತ್ರ ಅರ್ಥವಾಗುತ್ತದೆಂದಾದರೆ ಮನೆಯ ಜಮಾಖರ್ಚೂ ಅರ್ಥವಾಗುತ್ತದೆ. ಕಾಲೇಜಿಗೆ ಕಳುಹಿಸುವ ಮೊದಲು ಒಂದು ಸಂಜೆ ಮೇಜಿನ ಮುಂದೆ ಕೂರಿಸಿ, ಬರುವುದಿಷ್ಟು, ಹೋಗುವುದಿಷ್ಟು, ಸಾಲವಿಷ್ಟು, ನಿನಗಾಗಿ ಇಷ್ಟು ಎಂದು ತೋರಿಸಿರಿ. ಹೇಳುವ ಧಾಟಿ ಮಾತ್ರ ಎಚ್ಚರದ್ದಾಗಿರಲಿ. ನಿನಗಾಗಿ ನಾವು ಎಷ್ಟು ಕಷ್ಟಪಡುತ್ತಿದ್ದೇವೆ ನೋಡು ಎಂದರೆ ಆ ಮಗುವಿನ ಹೆಗಲ ಮೇಲೆ ಹೊರೆ ಹೊರಿಸಿದಂತೆ. ಇದು ನಮ್ಮೆಲ್ಲರ ಲೆಕ್ಕ, ನೀನೂ ನೋಡಿಕೊ ಎಂದರೆ ಅದೇ ಅಂಕಿಗಳು ವಿಶ್ವಾಸವಾಗುತ್ತವೆ.

ಸಾಲದ ವಿಷಯವನ್ನೂ ಅದೇ ಮೇಜಿನ ಮೇಲೆ ಇಡಬೇಕು. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಶೈಕ್ಷಣಿಕ ಸಾಲ ಯೋಜನೆಯ ಆಧಾರದ ಮೇಲೆ ನಮ್ಮ ಬ್ಯಾಂಕುಗಳು ಸಾಲ ಕೊಡುತ್ತ ಬಂದಿವೆ. ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು. ಮಗು ಕಟ್ಟದಿದ್ದರೆ ಬ್ಯಾಂಕು ಕೇಳುವುದು ನಮ್ಮನ್ನೇ ಎಂಬುದನ್ನು ಸಹಿಯ ಮುಂಚೆಯೇ ತಿಳಿದಿರಬೇಕು. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕಟ್ಟುವಂತಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಇದನ್ನು ಅನೇಕರು ಗಮನಿಸುವುದಿಲ್ಲ.

ಒಂದು ಲೆಕ್ಕ ನೋಡಿರಿ. ನಾಲ್ಕು ವರ್ಷದ ಓದಿಗೆ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ ಪಡೆದೆವೆನ್ನಿ. ನೂರಕ್ಕೆ ಹತ್ತರ ಸರಳ ಬಡ್ಡಿಯಾದರೆ, ಮೊದಲ ವರ್ಷಕ್ಕೆ 10,000, ಎರಡನೆಯದಕ್ಕೆ 20,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 40,000, ಕಾಯುವ ವರ್ಷಕ್ಕೆ ಮತ್ತೆ 40,000 – ಒಟ್ಟು 1,40,000 ರೂಪಾಯಿ ಬಡ್ಡಿ. ಕಂತು ಆರಂಭವಾಗುವ ದಿನ ಮಗುವಿನ ಹೆಸರಿನಲ್ಲಿರುವ ಸಾಲ ನಾಲ್ಕು ಲಕ್ಷವಾಗಿರದೆ 5,40,000 ಆಗಿರುತ್ತದೆ. ಮೊದಲ ವರ್ಷದ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿದರೆ ತಿಂಗಳಿಗೆ ಸುಮಾರು 833 ರೂಪಾಯಿ. ನಾಲ್ಕನೆಯ ವರ್ಷದಲ್ಲಿ ಸುಮಾರು 3,333. ನಾವು ನಮ್ಮ ಮಗನ ವಿಷಯದಲ್ಲಿ ಹೀಗೆಯೇ ಹಂಚಿಕೊಂಡೆವು: ಓದುವಾಗಿನ ಬಡ್ಡಿ ನಮ್ಮದು, ಅಸಲು ಅವನದು. ಅವನು ಕೆಲಸಕ್ಕೆ ಸೇರಿದಾಗ ಅವನ ಮುಂದೆ ಇದ್ದುದು ತಾನೇ ಪಡೆದ ಅಸಲು ಮಾತ್ರ. ಅದನ್ನು ತೀರಿಸಿದ ತಿಂಗಳು ಬ್ಯಾಂಕಿನ ಪತ್ರವನ್ನು ತಂದು ತಾಯಿಯ ಕೈಯಲ್ಲಿಟ್ಟ. ಅವಳು ಅದನ್ನು ಅವನ ಪದವಿ ಪತ್ರದ ಜೊತೆಗೇ ಇಟ್ಟಿದ್ದಾಳೆ.

ಸಾಲವನ್ನು ಹಗುರ ಮಾಡುವ ಮಾರ್ಗಗಳೂ ಇವೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪ್ರಕಾರ, ಆಯ್ದ ಉತ್ತಮ ಸಂಸ್ಥೆಗಳಲ್ಲಿ (ಆರಂಭದ ಪಟ್ಟಿಯಲ್ಲಿ ಇವು 860) ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ನೂರಕ್ಕೆ ಮೂರರಷ್ಟು ಬಡ್ಡಿಯ ನೆರವುಂಟು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯ ಬಗ್ಗೆಯೂ ನಮ್ಮ ಕುಟುಂಬಗಳು ವಿಚಾರಿಸಬೇಕು. ಸೀಟು ಸಿಕ್ಕ ಮೇಲೆ ಓಡಾಡುವುದಕ್ಕಿಂತ, ಆದಾಯ ಪ್ರಮಾಣಪತ್ರ ಮುಂತಾದ ಕಾಗದಗಳನ್ನು ಮೊದಲೇ ಮಾಡಿಸಿಟ್ಟುಕೊಂಡವರಿಗೆ ಕೆಲಸ ಸುಲಭ. ಅನೇಕ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಸದ್ದಿಲ್ಲದೆ ಎಷ್ಟೋ ಮಕ್ಕಳ ಶುಲ್ಕ ಕಟ್ಟಿದ್ದಾರೆ. ಆ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದ ಫ್ರೆಡ್ರಿಕ್ ಓಝಾನಂ ಆಗ ಇಪ್ಪತ್ತರ ಹರೆಯದ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಿದ್ಯಾರ್ಥಿಯೆಂದರೆ ಪಡೆಯುವವನು ಮಾತ್ರ ಎಂದು ತಿಳಿದವರು ಇದನ್ನು ನೆನೆಯಬೇಕು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಮಾತು. ಒಂದು ಮಗುವಿಗೆ ಕೊಡುವಾಗ ಇನ್ನೊಂದು ಮಗುವಿನ ಪಾಲೇನು?

ನನ್ನ ತಂದೆ ಕಾಫಿ ಎಸ್ಟೇಟೊಂದರಲ್ಲಿ ರೈಟರಾಗಿದ್ದರು. ಎರಡು ಎಕರೆ ಸ್ವಂತ ತೋಟವಿತ್ತು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದಿದ್ದಳು. ಆದರೆ 1978ರಲ್ಲಿ ನಾನು ಮಂಗಳೂರಿಗೆ ಬಿ.ಕಾಂ. ಓದಲು ಹೊರಟಾಗ ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗಿಲ್ಲ ಎಂದು ತಂದೆ ತೀರ್ಮಾನಿಸಿದ್ದರು. ನನಗೆ ತಿಂಗಳಿಗೆ ಬರುತ್ತಿದ್ದ ಹಣದಲ್ಲಿ ಅವಳು ಹೊಲಿದ ರವಿಕೆಗಳ ಪಾಲೂ ಇರುತ್ತಿತ್ತು. ಆ ಕಾಲದ ಬಹುಪಾಲು ಮನೆಗಳಲ್ಲಿ ಹೀಗೆಯೇ ನಡೆಯಿತು. ಯಾರೂ ಅದನ್ನು ಅನ್ಯಾಯವೆಂದು ಕರೆಯಲಿಲ್ಲ, ಅಕ್ಕನೂ ಕರೆಯಲಿಲ್ಲ.

ತಂದೆ ಉಯಿಲು ಬರೆಯದೆಯೇ ತೀರಿಕೊಂಡರು. ನಮ್ಮ ಸಮುದಾಯಕ್ಕೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ವಿಧವೆಗೆ ಮೂರನೆಯ ಒಂದು ಪಾಲು. ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೂ ಈ ಸಮಪಾಲು ಸಲ್ಲುತ್ತದೆಂದು ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ತೀರ್ಪಿತ್ತಿದ್ದನ್ನು ನೀವು ಕೇಳಿರಬಹುದು. ಆದರೆ ಇದೇ ಕಾಯಿದೆಯ 49ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ತಂದೆ ಬದುಕಿದ್ದಾಗ ಒಂದು ಮಗುವಿನ ಏಳಿಗೆಗಾಗಿ ಏನನ್ನು ಕೊಟ್ಟಿದ್ದರೂ, ಉಯಿಲಿಲ್ಲದೆ ಪಾಲಾಗುವಾಗ ಅದನ್ನು ಆ ಮಗುವಿನ ಪಾಲಿನಿಂದ ಕಳೆಯುವಂತಿಲ್ಲ. ಅಂದರೆ ನನ್ನ ಮೂರು ವರ್ಷದ ಓದಿನ ಖರ್ಚು ಕಾನೂನಿನ ತಕ್ಕಡಿಯಲ್ಲಿ ಬರಲೇ ಇಲ್ಲ. ಅಕ್ಕನಿಗೆಷ್ಟೋ ನನಗೂ ಅಷ್ಟೇ.

ನನ್ನ ಅಮ್ಮ ಮೂರನೆಯ ತರಗತಿಯವರೆಗೆ ಓದಿದವಳು. 49ನೆಯ ಕಲಮು ಅವಳಿಗೆ ಗೊತ್ತಿರಲಿಲ್ಲ. ಆದರೆ ತನಗೆ ಬಂದ ಮೂರನೆಯ ಒಂದು ಪಾಲನ್ನು ಅವಳು ಪೂರ್ತಿಯಾಗಿ ಅಕ್ಕನ ಹೆಸರಿಗೆ ಉಯಿಲು ಬರೆದಳು. ನಮ್ಮಿಬ್ಬರನ್ನೂ ಕರೆದು, “ಗಂಡುಮಕ್ಕಳಿಗೆ ಓದಿನಲ್ಲಿ ಪಾಲು ಬಂತು. ಅವಳಿಗೆ ಮಣ್ಣಿನಲ್ಲಾದರೂ ಬರಲಿ” ಎಂದಳು. ನಾವಿಬ್ಬರೂ ಸಾಕ್ಷಿಗಳೆದುರು ತಲೆಯಾಡಿಸಿದೆವು. ಅಕ್ಕ ಮಾತ್ರ ಆ ದಿನ ಮೊದಲ ಬಾರಿಗೆ ನಮ್ಮೆದುರು ಅತ್ತಳು. ಅವಳಿಗೆ ಮಣ್ಣು ಸಿಕ್ಕಿತೆಂದಲ್ಲ, ಇಷ್ಟು ವರ್ಷ ಯಾರೂ ಹೇಳದಿದ್ದುದನ್ನು ಅಮ್ಮ ಬಾಯಿಬಿಟ್ಟು ಹೇಳಿದಳೆಂದು ಇರಬೇಕು.

ಆದುದರಿಂದ ಪ್ರಿಯ ತಂದೆತಾಯಂದಿರೇ, ಹಿರಿಯ ಮಗುವಿನ ಓದಿಗೆ ಕೈತುಂಬ ಸುರಿಯುವಾಗ ಕಿರಿಯ ಮಗು ಬಾಗಿಲ ಸಂದಿಯಿಂದ ನೋಡುತ್ತಿರುತ್ತದೆಂಬುದನ್ನು ಮರೆಯಬೇಡಿ. ಎಲ್ಲರಿಗೂ ಒಂದೇ ಮೊತ್ತ ಕೊಡಲಾಗುವುದಿಲ್ಲ. ನರ್ಸಿಂಗಿನ ಖರ್ಚೇ ಬೇರೆ, ಬಿ.ಎ.ಯ ಖರ್ಚೇ ಬೇರೆ, ಐಟಿಐಯ ಖರ್ಚೇ ಬೇರೆ. ಆದರೆ ಎಲ್ಲರಿಗೂ ಒಂದೇ ನಿಯಮ ಇರಬಹುದು. ಹೆಚ್ಚು ಪಡೆದವರು ಯಾರು, ಕಡಿಮೆ ಪಡೆದವರು ಯಾರು ಎಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಬಹುದು. ಕಡಿಮೆ ಪಡೆದ ಮಗುವಿಗೆ ಮುಂದೆ ಬೇರೊಂದು ರೂಪದಲ್ಲಿ ಕೊಡಲು ಸಾಧ್ಯವಿದ್ದರೆ ಅದನ್ನು ಬರೆದಿಡಬಹುದು. ನಾವು ಮಾಡದೆ ಹೋದ ಸಮತೋಲನವನ್ನು ನಮ್ಮ ನಂತರ ಕಾನೂನು ಮಾಡಿಕೊಡುವುದಿಲ್ಲ.

ಕಾನೂನಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. 1875ರ ವಯಸ್ಕತ್ವ ಕಾಯಿದೆಯಂತೆ ಹದಿನೆಂಟಕ್ಕೆ ಮಗು ವಯಸ್ಕ. ಹಾಗೆಂದು ತಂದೆತಾಯಿಯ ಹೊಣೆ ಅಂದೇ ಮುಗಿಯುತ್ತದೆಯೇ? 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಹುಕಾಲದಿಂದ ಬೇರೆಯಾಗಿದ್ದ ದಂಪತಿಯ ವಿಚ್ಛೇದನ ಪ್ರಕರಣವೊಂದಿತ್ತು. ಐರ್ಲೆಂಡಿನಲ್ಲಿ ಓದುತ್ತಿದ್ದ ಅವರ ಮಗಳು, ತಂದೆ ತನ್ನ ಓದಿಗಾಗಿ ಕೊಟ್ಟ 43 ಲಕ್ಷ ರೂಪಾಯಿಗಳನ್ನು ಸ್ವಾಭಿಮಾನದಿಂದ ಬೇಡವೆಂದಿದ್ದಳು. ಆ ಹಣವನ್ನು ಇಟ್ಟುಕೊಳ್ಳಲು ಅವಳಿಗೆ ಹಕ್ಕಿದೆ, ತಮ್ಮ ಆರ್ಥಿಕ ಶಕ್ತಿಯ ಮಿತಿಯಲ್ಲಿ ಮಗಳ ಶಿಕ್ಷಣದ ವೆಚ್ಚ ಭರಿಸುವಂತೆ ತಂದೆತಾಯಿಯನ್ನು ಒತ್ತಾಯಿಸಲೂಬಹುದು ಎಂದು ನ್ಯಾಯಾಲಯ ಹೇಳಿತು. ಇದರಲ್ಲಿ ಎರಡು ಪಾಠಗಳಿವೆ. ಮಗಳ ಓದು ತಂದೆತಾಯಿಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಹಾಗೆಯೇ ನ್ಯಾಯಾಲಯವೂ ಶಕ್ತಿಯ ಮಿತಿ ಎಂಬ ಮಾತನ್ನು ಬಿಡಲಿಲ್ಲ. ಇನ್ನು ಆ ಮಗಳು ಹಣವನ್ನು ನಿರಾಕರಿಸಿದ್ದನ್ನು ಯೋಚಿಸಿದರೆ, ಬರೇ ಹಣವಾಗಿ ಬಂದುದನ್ನು ಸ್ವೀಕರಿಸುವುದು ಮಕ್ಕಳಿಗೂ ಎಷ್ಟು ಕಷ್ಟವೆಂದು ತಿಳಿಯುತ್ತದೆ.

ಶಕ್ತಿಯ ಮಿತಿಯನ್ನು ನಾವು ಎಲ್ಲಿ ಎಳೆಯಬೇಕು? ತೋಟ ಮಾರಿ, ಇರುವ ಒಂದೇ ಮನೆ ಅಡವಿಟ್ಟು, ನಿವೃತ್ತಿಯ ಗಂಟನ್ನೆಲ್ಲ ಬಿಚ್ಚಿ ಮಗನನ್ನು ವಿದೇಶಕ್ಕೆ ಕಳುಹಿಸಿದವರನ್ನು ನಾವೆಲ್ಲ ಬಲ್ಲೆವು. ಕೆಲವರಿಗೆ ಅದು ಫಲ ಕೊಟ್ಟಿದೆ. ಆದರೆ ಮಕ್ಕಳ ಓದಿಗೆ ಸಾಲ ಕೊಡುವ ಬ್ಯಾಂಕು ನಮ್ಮ ಮುಪ್ಪಿಗೆ ಅಂಥ ಸಾಲ ಕೊಡುವುದಿಲ್ಲ. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಲ್ಲದು. ಆದರೆ ತಾನು ಓದಿಸಿದ ಮಗನ ವಿರುದ್ಧ ನ್ಯಾಯಮಂಡಳಿಯ ಮೆಟ್ಟಿಲು ಹತ್ತಲು ಯಾವ ತಾಯಿಯ ಕಾಲು ಏಳುತ್ತದೆ? ತಲೆಯ ಮೇಲಿನ ಸೂರನ್ನೂ ಮುದಿತನದ ಔಷಧಿಯ ಹಣವನ್ನೂ ಮುಟ್ಟದೆ ಉಳಿಸಿಕೊಳ್ಳುವುದು ಸ್ವಾರ್ಥವಲ್ಲ. ಮುಂದೆ ಮಗುವಿನ ಮೇಲೆ ಬೀಳಬಹುದಾದ ಹೊರೆಯನ್ನು ಇಂದೇ ತಗ್ಗಿಸಿದಂತೆ.

ಮಕ್ಕಳು ತಾವೂ ಸ್ವಲ್ಪ ಗಳಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಗಳಿಸಬಹುದು. ನಮ್ಮ ಮಂಗಳೂರು, ಬೆಂಗಳೂರಿನ ಕಾಲೇಜು ಹುಡುಗರು ಮದುವೆಮನೆಗಳಲ್ಲಿ ಕೇಟರಿಂಗಿನವರ ಜೊತೆ ಬಡಿಸಲು ಹೋಗುತ್ತಾರೆ. ಹುಡುಗಿಯರು ಸಣ್ಣ ಮಕ್ಕಳಿಗೆ ಮನೆಪಾಠ ಹೇಳುತ್ತಾರೆ. ಮಗ ಬಡಿಸಲು ಹೋಗುತ್ತಾನೆಂದು ನಾಚಿಕೆಪಡುವ ತಂದೆತಾಯಿ ಇದ್ದಾರೆ. ಮುಂಬಯಿಯಲ್ಲಿ ಬಡಿಸಿಯೇ ನಮ್ಮ ಹಿರಿಯರು ಊರಿಗೆ ಮನಿಯಾರ್ಡರ್ ಕಳುಹಿಸಿದ್ದನ್ನು ಅವರು ಮರೆತಿದ್ದಾರೆ. ಆದರೆ ತರಗತಿಯ ಹಾಜರಾತಿ, ನಿದ್ರೆ, ಆರೋಗ್ಯ – ಈ ಮೂರನ್ನು ತಿನ್ನುವ ಗಳಿಕೆ ಬೇಡ. ಶನಿವಾರ ಭಾನುವಾರದ ಒಂದಿಷ್ಟು ಗಂಟೆ, ಅದೂ ಮೂರನೆಯ ಪುಟದ ಖರ್ಚಿಗೆ, ಸಾಕು. ಊಟಕ್ಕಾಗಿ ದುಡಿಯಬೇಕಾದ ವಿದ್ಯಾರ್ಥಿಗೆ ನೆರವು ಬೇಕು. ಅದನ್ನು ಧರ್ಮಕೇಂದ್ರದ ಗಮನಕ್ಕೆ ತರುವುದು ನೆರೆಯವರಾದ ನಮ್ಮ ಕರ್ತವ್ಯ.

ಕೊಟ್ಟ ಹಣದ ಮೇಲೆ ಎಷ್ಟು ಕಣ್ಣಿಡಬೇಕೆಂಬುದು ಇಂದಿನ ಹೊಸ ಪ್ರಶ್ನೆ. 2024ರ ಆಗಸ್ಟಿನಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಸೌಲಭ್ಯದಲ್ಲಿ ತಂದೆಯ ಖಾತೆಯಿಂದಲೇ ಮಗು ಗೊತ್ತಾದ ಮಿತಿಯೊಳಗೆ ಪಾವತಿ ಮಾಡಬಹುದು. ಬೇಕಿದ್ದರೆ ಪ್ರತಿಯೊಂದು ಪಾವತಿಗೂ ತಂದೆಯ ಒಪ್ಪಿಗೆ ಬೇಕೆಂದು ವ್ಯವಸ್ಥೆ ಮಾಡಬಹುದು. ಹದಿನೈದರ ಮಗುವಿಗೆ ಇದು ಒಳ್ಳೆಯದಿರಬಹುದು. ಇಪ್ಪತ್ತರ ಮಗು ಒಂದು ಲೋಟ ಕಾಫಿಗೂ ಅಪ್ಪನ ಒಪ್ಪಿಗೆ ಕಾಯುವಂತಾದರೆ ಅದು ಲೆಕ್ಕ ಕಲಿಯುವುದಿಲ್ಲ, ಸುಳ್ಳು ಕಲಿಯುತ್ತದೆ. ಅದಕ್ಕಿಂತ ಒಂದು ಗೊತ್ತಾದ ದಿನ, ಒಂದು ಗೊತ್ತಾದ ಮೊತ್ತ, ತುರ್ತಿಗೆ ಮಾತ್ರ ಬೇರೆ ದಾರಿ – ಈ ಸರಳ ಕ್ರಮ ಉತ್ತಮ. ಇದರೊಡನೆ ಒಂದು ಮಾತನ್ನು ಮುಂಚಿತವಾಗಿ ಸ್ಪಷ್ಟವಾಗಿ ಹೇಳಿಟ್ಟಿರಬೇಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕೇಂದ್ರ ಕಾಯಿದೆ ನಿಷೇಧಿಸಿದೆ. ಆದರೆ ಮೋಸದ ಸಾಲದ ಆ್ಯಪುಗಳು, ಗೆಳೆಯರ ಕೈಸಾಲ, ಹಣ ದ್ವಿಗುಣವಾಗುವ ಆಸೆ ಇವೆಲ್ಲ ಮಕ್ಕಳ ಮೊಬೈಲಿನ ಹತ್ತಿರವೇ ಸುಳಿಯುತ್ತಿವೆ. ಎಲ್ಲಿಯಾದರೂ ಸಿಲುಕಿದರೆ ಮೊದಲು ಮನೆಗೆ ಹೇಳು. ಬೈಯುವುದಿದ್ದರೆ ಆಮೇಲೆ ಬೈಯುತ್ತೇವೆ, ಮೊದಲು ಬಿಡಿಸುತ್ತೇವೆ ಎಂಬ ಭರವಸೆ ಮಗುವಿಗಿರಬೇಕು. ಶುಭಸಂದೇಶದ ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಪಾಲು ಕೊಟ್ಟನೆಂಬುದನ್ನು ನಾವು ನೆನಪಿಡುತ್ತೇವೆ. ಮಗನಿಗೆ ಮನೆಯ ದಾರಿ ನೆನಪಾಯಿತು, ಹಿಂದಿರುಗುವ ಧೈರ್ಯ ಬಂತು ಎಂಬುದೂ ಅಷ್ಟೇ ಮುಖ್ಯ. ಆ ಧೈರ್ಯವನ್ನು ಯಾವ ಖಾತೆಗೂ ವರ್ಗಾಯಿಸಲಾಗದು, ಚಿಕ್ಕಂದಿನಿಂದ ಬೆಳೆಸಬೇಕು.

ಕೊನೆಯದಾಗಿ, ಎಲ್ಲಿಯವರೆಗೆ? ಪದವಿ ಮುಗಿದ ಮರುದಿನವೇ ಕೈ ಬಿಡುವುದು ಸಲ್ಲದು. ಕೆಲಸ ಹುಡುಕುವ ತಿಂಗಳುಗಳು ಓದಿನ ತಿಂಗಳುಗಳಿಗಿಂತ ಕಠಿಣ. ಆದರೆ ಕೊನೆಯಿಲ್ಲದ ನೆರವು ನೆರವಾಗಿ ಉಳಿಯುವುದಿಲ್ಲ. 2024ರ ಜನವರಿಯಲ್ಲಿ ಜಾರಿಗೆ ಬಂದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡಲು ಮುಂದಾದ ನಮ್ಮ ರಾಜ್ಯ ಸರ್ಕಾರವೂ ಅದಕ್ಕೆ ಎರಡು ವರ್ಷದ ಗಡುವನ್ನು ಇಟ್ಟಿತು. ಮನೆಯಲ್ಲಿಯೂ ಹೀಗೊಂದು ಅವಧಿ ಮೊದಲೇ ಗೊತ್ತಿರಲಿ. ಮೊದಲ ಸಂಬಳ ಬಂದ ತಿಂಗಳಿನಿಂದ ಮೂರನೆಯ ಪುಟ ಮುಚ್ಚಲಿ, ಅನಂತರ ಎರಡನೆಯದು. ಆ ಮೊದಲ ಸಂಬಳದಲ್ಲಿ ಮಗು ಮನೆಗೆ ಏನಾದರೂ ತಂದರೆ, ನಮಗೇನು ಬೇಡ ಎನ್ನಬೇಡಿ. ಸಂತೋಷದಿಂದ ತೆಗೆದುಕೊಳ್ಳಿರಿ. ಕೊಡುವ ಸುಖ ಮಕ್ಕಳಿಗೂ ಸಿಗಲಿ.

ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ನನ್ನಲ್ಲಿ ರೂಪಾಯಿಯ ಉತ್ತರವಿಲ್ಲ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಇಬ್ಬರೂ ಮಕ್ಕಳೆಲ್ಲರಿಗೆ ಮುಚ್ಚಿಡದೆ ಕೊಡಬಹುದಾದಷ್ಟು ಕೊಡಿರಿ. ಯಾರಿಗಾದರೂ ಹೇಳಲು ಅಳುಕುವಂಥ ಮೊತ್ತವಾದರೆ ಅದು ಒಂದೋ ತೀರ ಹೆಚ್ಚು, ಇಲ್ಲವೇ ತೀರ ಕಡಿಮೆ. ಈ ವರ್ಷ ನಿಮ್ಮ ಮನೆಯಿಂದ ಒಂದು ಮಗು ಚೀಲ ಕಟ್ಟಿಕೊಂಡು ಹೊರಡುವುದಿದ್ದರೆ, ಬಸ್ಸು ಹತ್ತಿಸುವ ಮೊದಲು ಒಂದು ನೋಟುಪುಸ್ತಕ ಕೊಂಡುತನ್ನಿರಿ. ಮಗುವಿನ ಕೈಯಲ್ಲೇ ಮೊದಲ ಸಾಲು ಬರೆಸಿರಿ.